ಸದ್ದು ಹೆಚ್ಚಿದರೆ ಶಕ್ತಿ ಹೆಚ್ಚೀತೇ?

'ಢುಗ್... ಢುಗ್... ಢುಗ್...' ಬೀದಿಯ ಆ ತುದಿಯಲ್ಲಿ ಸದ್ದು ಕೇಳಿದರೆ ಸಾಕು, ಈ ತುದಿಯಲ್ಲಿರುವ ಹುಡುಗರು 'ಬುಲೆಟ್ ಬಂತು' ಎನ್ನುತ್ತಾರೆ. ಬಂದದ್ದು ಯಾರ ಗಾಡಿ, ಅದಕ್ಕಿರುವುದು ಕಂಪೆನಿಯ ಸೈಲೆನ್ಸರೋ ಅಂಗಡಿಯಲ್ಲಿ ಹಾಕಿಸಿದ್ದೋ ಎಂಬುದನ್ನೂ ಕಣ್ಣಿಂದ ನೋಡದೆ ಹೇಳಬಲ್ಲ ಪ್ರವೀಣರು ನಮ್ಮ ಕಾಲೇಜುಗಳಲ್ಲಿದ್ದಾರೆ. ಈ ಜಾಣ್ಮೆಯನ್ನು ಭೌತಶಾಸ್ತ್ರದ ತರಂಗಗಳ ಪಾಠದಲ್ಲಿ ತೋರಿಸಬಾರದೇ ಎಂದು ಮೇಷ್ಟ್ರುಗಳು ನಿಟ್ಟುಸಿರು ಬಿಡುವುದುಂಟು. ನಿಜ ಹೇಳಬೇಕೆಂದರೆ ಆ ಹುಡುಗರ ಕಿವಿ ಓದಿಕೊಂಡಿರುವುದು ತರಂಗಗಳ ಪಾಠವನ್ನೇ. ಅದಕ್ಕೆ ಲೆಕ್ಕ ಹಾಕುವುದನ್ನು ಕಲಿಸುವುದಷ್ಟೇ ಬಾಕಿ.

ಈ ವಿಷಯದಲ್ಲಿ ನನ್ನನ್ನು ಎರಡು ಬಗೆಯವರು ಪ್ರಶ್ನೆ ಕೇಳುತ್ತಾರೆ. ವಿದ್ಯಾರ್ಥಿಗಳದು ಹೀಗೆ: 'ಸಾರ್, ಸೈಲೆನ್ಸರ್ ಬದಲಾಯಿಸಿದ್ರೆ ಪಿಕಪ್ ಜಾಸ್ತಿ ಆಗುತ್ತಂತೆ, ಹೌದಾ?' ತಂದೆಯರದು ಹೀಗೆ: 'ಮೇಷ್ಟ್ರೇ, ಹೊಸ ಗಾಡಿ ತೆಗೆಸಿಕೊಟ್ಟು ಮೂರು ತಿಂಗಳಾಗಿಲ್ಲ, ಸೈಲೆನ್ಸರ್ ಬಿಚ್ಚಿಸ್ತೀನಿ ಅಂತಾನೆ. ಬೇಡ ಅಂದ್ರೆ ಕಾರಣ ಹೇಳಿ ಅಂತಾನೆ. ನನಗೆ ಹೇಳೋಕೆ ಬರಲ್ಲ.' ಕಾರಣ ಕೇಳುವ ಮಗನಿರುವುದು ಭಾಗ್ಯವೇ. ಆದರೆ ಕಾರಣ ಕೊಡದೆ ಬರಿದೇ 'ಬೇಡ' ಎಂದರೆ ಅವನು ಅಪ್ಪನಿಗೆ ತಿಳಿಯದ ಗ್ಯಾರೇಜನ್ನು ಹುಡುಕಿಕೊಳ್ಳುತ್ತಾನೆ. ಆದ್ದರಿಂದ ಇಬ್ಬರೂ ಒಟ್ಟಿಗೆ ಕುಳಿತು ಓದಲೆಂದು ಈ ಲೇಖನ.

ಸೆಕೆಂಡಿಗೆ ಎಂಟು ಬಡಿತ

ಮೊದಲು ಸದ್ದು ಎಲ್ಲಿಂದ ಬರುತ್ತದೆ ನೋಡೋಣ. ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಆ ಕೆಲಸ ಮುಗಿಯುವ ಹೊತ್ತಿಗೆ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಆಗಲೂ ಒಳಗಿನ ಅನಿಲದ ಒತ್ತಡ ಹೊರಗಿನ ಗಾಳಿಯ ಒತ್ತಡದ ಹಲವು ಪಟ್ಟು ಇರುತ್ತದೆ. ಬಾಗಿಲು ತೆರೆದೊಡನೆ ಆ ಅನಿಲ ನುಗ್ಗಿ ಹೊರಬೀಳುತ್ತದೆ. ಬಲೂನು ಒಡೆದಾಗ ಆಗುವುದೂ ಇದೇ. ಒಂದೊಂದು 'ಢುಗ್' ಎಂದರೆ ಒಂದೊಂದು ಬಲೂನು ಒಡೆದಂತೆ.

ಬುಲೆಟ್‌ನದು ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕಿನ ಎಂಜಿನ್. ಇದರಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ಅನಿಲ ಹೊರಬರುತ್ತದೆ. ನಿಂತ ಗಾಡಿಯ ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುತ್ತಿದೆ ಎನ್ನೋಣ. ಆಗ ನಿಮಿಷಕ್ಕೆ 500 ಬಡಿತ, ಸೆಕೆಂಡಿಗೆ ಸುಮಾರು 8. ಸೆಕೆಂಡಿಗೆ 20ಕ್ಕಿಂತ ಕಡಿಮೆ ಕಂಪನಗಳು ಮನುಷ್ಯನ ಕಿವಿಗೆ ಒಂದು ಸ್ವರವಾಗಿ ಕೇಳಿಸುವುದಿಲ್ಲ. ಬೇರೆಬೇರೆ ಬಡಿತಗಳಾಗಿಯೇ ಕೇಳಿಸುತ್ತವೆ. ಹಾಗಾಗಿ ನಿಂತ ಬುಲೆಟ್ ತಮಟೆಯಂತೆ ಬಡಿಯುತ್ತದೆ. ಎಂಜಿನ್ 2400 ಸುತ್ತು ದಾಟಿದಾಗ ಬಡಿತಗಳು ಕೂಡಿಕೊಂಡು 'ಭರ್‌ರ್' ಎಂಬ ಸ್ವರವಾಗತೊಡಗುತ್ತವೆ. ಅಮೆರಿಕದ ಪಿಕಪ್ ಟ್ರಕ್ಕುಗಳಲ್ಲಿ ಬಳಕೆಯಲ್ಲಿರುವ ಎಂಟು ಸಿಲಿಂಡರಿನ 'ವಿ-8' ಎಂಜಿನ್ ಅದೇ 1000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 67 ಬಾರಿ ಅನಿಲ ಉಗುಳುತ್ತದೆ. ಆದ್ದರಿಂದ ಅದು ನಿಂತಾಗಲೂ ಗುರುಗುಟ್ಟುತ್ತದೆ.

ಡಬ್ಬಿಯೊಳಗೆ ಏನಿದೆ?

ಸೈಲೆನ್ಸರ್ ಎಂದರೆ ತೂತು ಕೊಳವೆಯಷ್ಟೇ ಎಂದು ತಿಳಿದವರೇ ಹೆಚ್ಚು. ಕಂಪೆನಿಯಿಂದ ಬಂದ ಸೈಲೆನ್ಸರನ್ನು ಉದ್ದುದ್ದಕ್ಕೆ ಕೊಯ್ದು ನೋಡಿದರೆ ಸಣ್ಣದೊಂದು ಮನೆಯೇ ಕಾಣುತ್ತದೆ: ತಗಡಿನ ಅಡ್ಡಗೋಡೆಗಳು, ನಡುವೆ ಕೋಣೆಗಳು, ಒಂದರಿಂದ ಇನ್ನೊಂದಕ್ಕೆ ಹೋಗುವ ತೂತು ಕೊಳವೆಗಳು. ಅನಿಲ ಕೋಣೆಯಿಂದ ಕೋಣೆಗೆ ಸಾಗುವಾಗ ಅದರ ಒತ್ತಡದ ಅಲೆಗಳು ಗೋಡೆಗೆ ಬಡಿದು ಹಿಂದಿರುಗುತ್ತವೆ. ಹಿಂದಿರುಗಿದ ಅಲೆಯ ತಗ್ಗು, ಬರುತ್ತಿರುವ ಅಲೆಯ ಉಬ್ಬಿನ ಮೇಲೆ ಬಿದ್ದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಪಿ.ಯು.ಸಿ. ಪುಸ್ತಕದಲ್ಲಿ 'ತರಂಗಗಳ ವ್ಯತೀಕರಣ' ಎಂದು ಓದುವುದು ಇದನ್ನೇ. ಕೋಣೆಯ ಉದ್ದ, ಕೊಳವೆಯ ಅಗಲ ಎಲ್ಲವೂ ಆಯಾ ಎಂಜಿನ್ನಿನ ಲೆಕ್ಕಕ್ಕೆ ಕೂಡಿಸಿದವು.

ಇನ್ನೊಂದು ಬಗೆಯ ಸೈಲೆನ್ಸರಿನಲ್ಲಿ ಕೋಣೆಗಳಿಲ್ಲ. ಈ ತುದಿಯಿಂದ ಆ ತುದಿಯವರೆಗೆ ತೂತುಗಳುಳ್ಳ ನೇರ ಕೊಳವೆ, ಅದರ ಸುತ್ತ ಗಾಜಿನ ನಾರಿನ ಹತ್ತಿ. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಇದು 'ಗ್ಲಾಸ್ ವುಲ್'. ಸದ್ದಿನ ಶಕ್ತಿ ಆ ನಾರಿನೊಳಗೆ ಹೊಕ್ಕು ಉಜ್ಜಾಟದಿಂದ ಬಿಸಿಯಾಗಿ ಕರಗುತ್ತದೆ. ಇದು ಕೀರಲು ಸದ್ದನ್ನು ಚೆನ್ನಾಗಿ ಹೀರುತ್ತದೆ, ಭಾರವಾದ ಸದ್ದನ್ನು ಅಷ್ಟಾಗಿ ಹೀರದು. 'ಬೇಸ್ ಚೆನ್ನಾಗಿದೆ' ಎಂದು ಹುಡುಗರು ಮೆಚ್ಚುವುದು ಹೀರದೆ ಉಳಿದ ಈ ಸದ್ದನ್ನೇ. ಒಂದು ಸಂಗತಿ ಅಂಗಡಿಯಲ್ಲಿ ಹೇಳುವುದಿಲ್ಲ: ಬಿಸಿ ಅನಿಲಕ್ಕೆ ಸಿಕ್ಕಿ ಈ ನಾರು ವರ್ಷ ಕಳೆದಂತೆ ಸುಟ್ಟು, ಪುಡಿಯಾಗಿ ಹಾರಿಹೋಗುತ್ತದೆ. ಕೊಂಡ ದಿನದ ಸದ್ದು ಮುಂದೆ ಇರುವುದಿಲ್ಲ; ಅದಕ್ಕಿಂತ ಹೆಚ್ಚುತ್ತದೆ.

ಲಾಂಗ್ ಬಾಟಲ್, ಶಾರ್ಟ್ ಬಾಟಲ್, ಡಾಲ್ಫಿನ್, ಪಂಜಾಬ್, ಇಂದೋರಿ ಎಂದು ಅಂಗಡಿಗಳಲ್ಲಿ ನೇತುಹಾಕಿರುವ ಹೆಸರುಗಳಿಗೆಲ್ಲ ಬಹುಮಟ್ಟಿಗೆ ಇದೇ ಸೂತ್ರ. ಒಳಗೆ ಅಡ್ಡಗೋಡೆ ಕಡಿಮೆಯಾದಷ್ಟೂ, ಡಬ್ಬಿ ಗಿಡ್ಡವಾದಷ್ಟೂ ಸದ್ದು ಜೋರು.

ಈ ಸದ್ದಡಗಿಸುವ ವಿದ್ಯೆಯ ಹಿಂದೆ ಒಂದು ಕುಟುಂಬದ ಕಥೆಯಿದೆ. ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ 1884ರ ಸುಮಾರಿಗೆ ತಾನಾಗಿಯೇ ಗುಂಡು ಹಾರಿಸುತ್ತಾ ಹೋಗುವ ಮೆಷಿನ್‌ಗನ್ ರೂಪಿಸಿದವನು. ವರ್ಷಗಟ್ಟಲೆ ಆ ಬಂದೂಕಿನ ಪಕ್ಕದಲ್ಲೇ ಕೆಲಸ ಮಾಡಿದ ಆತನಿಗೆ ಮುಪ್ಪಿನಲ್ಲಿ ಕಿವಿ ಬಹುಮಟ್ಟಿಗೆ ಕೇಳದಾಯಿತು. ಅವನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಪೇಟೆಂಟ್ ಪಡೆದದ್ದು ಬಂದೂಕಿನ ಸೈಲೆನ್ಸರಿಗೆ! ಅದೇ ತತ್ವವನ್ನು ಆತ ಎಂಜಿನ್ನುಗಳ ಸದ್ದಡಗಿಸುವುದಕ್ಕೂ ಬಳಸಿದ. ಅಪ್ಪ ಮಾಡಿದ ಸದ್ದನ್ನು ಮಗ ಅಡಗಿಸಿದ. ನಮ್ಮ ಮನೆಗಳಲ್ಲಿ ಈಗ ನಡೆಯುತ್ತಿರುವುದು ಇದರ ತಿರುವುಮುರುವು.

'ಪಿಕಪ್' ಎಂಬ ಭ್ರಮೆ

ಈಗ ಹುಡುಗರ ಪ್ರಶ್ನೆಗೆ ಬರೋಣ. ಸದ್ದು ಹೆಚ್ಚಿದರೆ ಎಳೆತ ಹೆಚ್ಚುತ್ತದೆಯೇ?

ಇದರಲ್ಲಿ ಕಾಲುಭಾಗ ಸತ್ಯವಿದೆ. ಅಡ್ಡಗೋಡೆಗಳು ಅನಿಲದ ದಾರಿಗೆ ತುಸು ತಡೆಯೊಡ್ಡುತ್ತವೆ. ರೇಸಿನ ಗಾಡಿಯಲ್ಲಿ, ಎಂಜಿನ್ ತನ್ನ ಗರಿಷ್ಠ ವೇಗದಲ್ಲಿ ತಿರುಗುವಾಗ ಈ ತಡೆ ಲೆಕ್ಕಕ್ಕೆ ಬರುತ್ತದೆ. ಆದರೆ ನಿಮ್ಮ ಗಾಡಿ ದಿನವೂ ಓಡುವುದು ಹೇಗೆ? 2021ರ ನಂತರದ ಕ್ಲಾಸಿಕ್ 350ರ ಎಂಜಿನ್ ತನ್ನ 20.2 ಅಶ್ವಶಕ್ತಿಯನ್ನು ಕೊಡುವುದು 6100 ಸುತ್ತಿನಲ್ಲಿ. ಮನೆಯಿಂದ ಕಾಲೇಜಿಗೆ ಹೋಗುವವನು ಅದರ ಅರ್ಧದಷ್ಟು ಸುತ್ತಿನಲ್ಲಿ, ಎಕ್ಸಲರೇಟರನ್ನು ಕಾಲುಭಾಗ ತಿರುಗಿಸಿಕೊಂಡು ಹೋಗುತ್ತಾನೆ. ಅಲ್ಲಿ ಎಂಜಿನ್ನಿಗೆ ತಡೆಯಾಗಿರುವುದು ಸೈಲೆನ್ಸರಲ್ಲ, ಅವನ ಬಲಗೈ. ಅರ್ಧ ಮುಚ್ಚಿದ ನಲ್ಲಿಗೆ ದಪ್ಪ ಪೈಪ್ ಜೋಡಿಸಿದರೆ ನೀರು ಹೆಚ್ಚಿಗೆ ಬಂದೀತೇ?

ಇಷ್ಟೇ ಅಲ್ಲ, ಅಗಲವಾದ ಕೊಳವೆಯಲ್ಲಿ ಅನಿಲದ ವೇಗ ತಗ್ಗುತ್ತದೆ. ವೇಗವಾಗಿ ಹೊರಹೋಗುವ ಅನಿಲ ತನ್ನ ಹಿಂದಿನ ಅನಿಲವನ್ನೂ ಎಳೆದುಕೊಂಡು ಹೋಗಿ ಸಿಲಿಂಡರನ್ನು ತೊಳೆಯುತ್ತದೆ. ಆ ಎಳೆತ ಕಡಿಮೆಯಾದರೆ ಕಡಿಮೆ ಸುತ್ತಿನಲ್ಲಿ ಎಂಜಿನ್ ಸೊರಗುತ್ತದೆ. ಬದಲಿಸಿದ ಸೈಲೆನ್ಸರಿನ ಗಾಡಿ ಆಗುಂಬೆಯ ತಿರುವುಗಳಲ್ಲಿ ಮೊದಲಿನಷ್ಟು ಹತ್ತುತ್ತಿಲ್ಲ ಎಂದು ಗೊಣಗುವವರಿದ್ದರೆ ಅದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಇನ್ನೊಂದು ಲೆಕ್ಕ. 20.2 ಅಶ್ವಶಕ್ತಿ ಎಂದರೆ ಸುಮಾರು 15,000 ವ್ಯಾಟ್. ಏಳೂವರೆ ಮೀಟರ್ ದೂರದಲ್ಲಿ 95 ಡೆಸಿಬೆಲ್ ಸದ್ದು ಮಾಡುವ ಸೈಲೆನ್ಸರ್ ಸದ್ದಿನ ರೂಪದಲ್ಲಿ ಹೊರಚೆಲ್ಲುವ ಶಕ್ತಿ ಎಷ್ಟು ಗೊತ್ತೇ? ಸುಮಾರು ಒಂದು ವ್ಯಾಟ್! ದೇವರ ಮನೆಯ ಪುಟ್ಟ ದೀಪದಷ್ಟು. ಇಡೀ ಬೀದಿಯನ್ನು ಎಬ್ಬಿಸಲು ಅಷ್ಟು ಸಾಕು, ಗಾಡಿಯನ್ನು ಒಂದಿಂಚು ಮುಂದೆ ತಳ್ಳಲು ಸಾಲದು. ಸದ್ದು ಜೋರಾದಾಗ ವೇಗ ಹೆಚ್ಚಿದಂತೆ ಅನ್ನಿಸುವುದು ಕಿವಿ ಹೇಳುವ ಸುಳ್ಳು. ನಂಬಿಕೆಯಿಲ್ಲದವರು ಒಂದೇ ದಾರಿಯಲ್ಲಿ, ಒಂದೇ ಗೇರಿನಲ್ಲಿ, ಕೈಗಡಿಯಾರ ಹಿಡಿದು ಪರೀಕ್ಷಿಸಲಿ.

ಅಪ್ಪಂದಿರಿಗೂ ಒಂದು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಅಲ್ಲಿಂದ ಬಂದ ಯಜ್ದಿಯ ಜೋಡಿ ಸೈಲೆನ್ಸರುಗಳ ಬ್ಯಾಫಲ್ ಕಳಚಿ ಮನೆಯ ಅಟ್ಟದಲ್ಲಿಟ್ಟು ಊರೆಲ್ಲ ಸುತ್ತಿದವರು ಯಾರು? ಅದು ಎರಡು ಸ್ಟ್ರೋಕಿನ ಎಂಜಿನ್. ಅಂಥ ಎಂಜಿನ್ನಿನಲ್ಲಿ ಸೈಲೆನ್ಸರ್ ಎಂಜಿನ್ನಿನದೇ ಒಂದು ಅಂಗ: ಅಲ್ಲಿಂದ ಹಿಂದಿರುಗುವ ಒತ್ತಡದ ಅಲೆ, ಉರಿಯದೆ ಹೊರಗೆ ನುಸುಳುವ ಹೊಸ ಮಿಶ್ರಣವನ್ನು ಮತ್ತೆ ಒಳಕ್ಕೆ ತಳ್ಳಬೇಕು. ಆ ಹೊಂದಾಣಿಕೆ ಕೆಟ್ಟರೆ ಪೆಟ್ರೋಲಿಗೂ ಎಳೆತಕ್ಕೂ ಪೆಟ್ಟು. ಆದ್ದರಿಂದ ಮಗನಿಗೆ ಬೈಯುವ ಮುನ್ನ ಅಟ್ಟವನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮೂವತ್ತೆರಡು ಗಾಡಿಗಳ ಮೆರವಣಿಗೆ

175 ಸಿ.ಸಿ.ಗಿಂತ ದೊಡ್ಡ ಮೋಟಾರ್‌ಸೈಕಲ್ ತಯಾರಾಗುವಾಗ ಏಳೂವರೆ ಮೀಟರ್ ದೂರದಲ್ಲಿ ಅಳೆದರೆ ಅದರ ಸದ್ದು 80 ಡೆಸಿಬೆಲ್ ಮೀರಬಾರದೆಂದು ನಮ್ಮ ದೇಶದಲ್ಲಿ ಮಿತಿ ಹಾಕಲಾಗಿದೆ. ಬದಲಿ ಸೈಲೆನ್ಸರ್ ಅದೇ ದೂರದಲ್ಲಿ 95 ತೋರಿಸಿತು ಎನ್ನಿ. 'ಹದಿನೈದು ಹೆಚ್ಚಾದರೆ ಏನು ಮಹಾ?' ಎನ್ನಬೇಡಿ. ಡೆಸಿಬೆಲ್ ಎಂಬುದು ತರಕಾರಿಯ ತಕ್ಕಡಿಯಂತೆ ಕೂಡುತ್ತಾ ಹೋಗುವ ಅಳತೆಯಲ್ಲ, ಗುಣಿಸುತ್ತಾ ಹೋಗುವ ಅಳತೆ. 10 ಡೆಸಿಬೆಲ್ ಹೆಚ್ಚಿದರೆ ಸದ್ದಿನ ತೀವ್ರತೆ ಹತ್ತು ಪಟ್ಟು. 15 ಹೆಚ್ಚಿದರೆ ಸುಮಾರು ಮೂವತ್ತೆರಡು ಪಟ್ಟು. ಅಂದರೆ ಬೀದಿಯಲ್ಲಿ ಹೋದದ್ದು ಒಬ್ಬನೇ ಹುಡುಗ. ಮಲಗಿದ್ದ ಮುದುಕರ ಕಿವಿಗೆ ಬಿದ್ದದ್ದು ಮೂವತ್ತೆರಡು ಗಾಡಿಗಳ ಮೆರವಣಿಗೆ.

ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 15 ಮೀಟರಿನಲ್ಲಿ 89, 30 ಮೀಟರಿನಲ್ಲಿ 83, 60 ಮೀಟರಿನಲ್ಲಿ 77. ಎರಡೂ ಕಡೆ ಮನೆಗಳಿರುವ ಬೀದಿಯಲ್ಲಿ ಗೋಡೆಗಳಿಂದ ಪ್ರತಿಧ್ವನಿಸುವುದರಿಂದ ಇಷ್ಟೂ ಇಳಿಯುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲಿನ ಸರಾಸರಿ ಮಿತಿ 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತಲಿನ 'ನಿಶ್ಶಬ್ದ ವಲಯ'ದಲ್ಲಿ ಹಗಲು 50, ರಾತ್ರಿ 40. ಪರೀಕ್ಷೆಯ ತಿಂಗಳಲ್ಲಿ ಓದುತ್ತಾ ಕುಳಿತ ಎಸ್.ಎಸ್.ಎಲ್.ಸಿ. ಹುಡುಗಿ, ಆಗಷ್ಟೇ ಕಣ್ಣು ಮುಚ್ಚಿದ ಹಸುಗೂಸು, ರಾತ್ರಿ ಪಾಳಿ ಮುಗಿಸಿ ಬಂದ ನರ್ಸಮ್ಮ, ಇವರಿಗೆ ಸವಾರನ ಮುಖ ಕಾಣುವುದಿಲ್ಲ. ಅವನು ಮುಂದೆ ಹೋಗಿಬಿಡುತ್ತಾನೆ, ಸದ್ದು ಮಾತ್ರ ಅವರ ಪಾಲಿಗೆ.

'ಜೋರು ಸದ್ದಿದ್ದರೆ ಲಾರಿಯವರು ದಾರಿ ಬಿಡುತ್ತಾರೆ, ಅದು ಸುರಕ್ಷಿತ' ಎಂಬ ವಾದವೂ ಇದೆ. ಸೈಲೆನ್ಸರಿನ ಬಾಯಿ ಇರುವುದು ಹಿಂದಕ್ಕೆ; ಅಪಾಯ ಬಹುಪಾಲು ಬರುವುದು ಎದುರಿನಿಂದ ಮತ್ತು ಅಡ್ಡರಸ್ತೆಯಿಂದ. ಅದಕ್ಕೆಂದೇ ಹಾರ್ನ್, ಹೆಡ್‌ಲೈಟ್, ಹೆಲ್ಮೆಟ್ ಇವೆ.

ಕಿವಿಗೆ ಬಿಡಿಭಾಗ ಸಿಗುವುದಿಲ್ಲ

ಸದ್ದಿನ ಮೊದಲ ಗಿರಾಕಿ ಸವಾರನೇ. ನಮ್ಮ ಒಳಗಿವಿಯಲ್ಲಿ ಶಂಖದಾಕಾರದ ಒಂದು ಅಂಗವಿದೆ. ಅದರೊಳಗೆ ಸುಮಾರು 15,000 ಕೂದಲಿನಂಥ ಸೂಕ್ಷ್ಮ ಜೀವಕೋಶಗಳು. ಸದ್ದನ್ನು ನರಗಳಿಗೆ ಮುಟ್ಟಿಸುವುದು ಇವೇ. ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕಾರ್ಖಾನೆಯ ಕೆಲಸಗಾರರಿಗಾಗಿ ತಜ್ಞರು ಬಳಸುವ ಒಂದು ಲೆಕ್ಕವಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಕಾಲಾವಧಿ ಅರ್ಧ. ಅಂದರೆ 88ಕ್ಕೆ 4 ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಕೇವಲ 15 ನಿಮಿಷ.

ಕಿವಿಯ ಹಾನಿ ನೋವು ಕೊಡದೆ ಬರುತ್ತದೆ. ಮೊದಲು ಸಂಜೆಯ ಹೊತ್ತು ಕಿವಿಯಲ್ಲಿ 'ಗುಂಯ್' ಎನ್ನುತ್ತದೆ, ಬೆಳಿಗ್ಗೆ ಸರಿಹೋಗುತ್ತದೆ. ಮುಂದೊಂದು ದಿನ ಸರಿಹೋಗುವುದಿಲ್ಲ. ಮೊದಲು ಹೋಗುವುದು ಕೀರಲು ಸದ್ದುಗಳನ್ನು ಕೇಳುವ ಶಕ್ತಿ. ಆಗ ಮಾತು ಕೇಳಿಸುತ್ತದೆ, ಆದರೆ ಸ, ಶ, ತ ಅಕ್ಷರಗಳು ಒಂದಕ್ಕೊಂದು ಬೆರೆತುಹೋಗಿ ಮಾತು ತಿಳಿಯುವುದಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ 'ಏನ್ಸಾರ್?' ಎಂದು ಪದೇಪದೇ ಕೇಳಿದರೆ ಅದನ್ನು ಉಡಾಫೆ ಎಂದು ತಿಳಿಯುವ ಮುನ್ನ ಅವನ ಕಿವಿಯ ಪರೀಕ್ಷೆ ಮಾಡಿಸುವುದು ಲೇಸು.

ಕಾನೂನು ಮತ್ತು ಕಣ್ಣಿಗೆ ಕಾಣದ ಹೊಗೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಪ್ರತಿ ಮೋಟಾರು ವಾಹನಕ್ಕೂ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. 1988ರ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಶಬ್ದ ಮತ್ತು ವಾಯು ಮಾಲಿನ್ಯದ ಮಾನದಂಡ ಮೀರಿದರೆ 190ನೇ ಸೆಕ್ಷನ್ ಇದೆ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂ.ವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ ಎಂದು ಅದು ಹೇಳುತ್ತದೆ. ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಜೋಡಿಸಿ ಪೊಲೀಸರು ರೋಡ್ ರೋಲರ್ ಹರಿಸುವ ಚಿತ್ರಗಳನ್ನು ನೀವೂ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಇನ್ನು 18 ತುಂಬದ ಮಗನ ಕೈಗೆ ಗೇರಿನ ಗಾಡಿ ಕೊಟ್ಟ ತಂದೆತಾಯಿಯರಿಗೆ ಅದೇ ತಿದ್ದುಪಡಿ ಬೇರೆಯೇ ಶಿಕ್ಷೆಯನ್ನಿಟ್ಟಿದೆ: 25,000 ರೂ. ದಂಡ, ಮೂರು ವರ್ಷಗಳವರೆಗೆ ಸೆರೆ.

ಕಿವಿಗೆ ಕೇಳಿಸದ ಇನ್ನೊಂದು ನಷ್ಟವಿದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಮಾನದಂಡದ ಗಾಡಿಗಳಲ್ಲಿ ಬೆಂಡ್ ಪೈಪಿನಲ್ಲೋ ಸೈಲೆನ್ಸರಿನೊಳಗೋ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಜೇನುಗೂಡಿನಂಥ ಭಾಗವಿರುತ್ತದೆ. ಪ್ಲಾಟಿನಮ್, ಪಲ್ಲೇಡಿಯಮ್, ರೋಡಿಯಮ್‌ಗಳಂಥ ಬೆಲೆಬಾಳುವ ಲೋಹಗಳ ತೆಳುಲೇಪ ಅದರಲ್ಲಿದೆ. ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈ ಆಕ್ಸೈಡಾಗಿ, ನೈಟ್ರೋಜನ್ ಆಕ್ಸೈಡುಗಳನ್ನು ನೈಟ್ರೋಜನ್ನಾಗಿ ಅದು ಬದಲಿಸುತ್ತದೆ. ಪೂರ್ತಿ ಪೈಪನ್ನೇ ಬದಲಿಸಿದರೆ ಇದೂ ಗುಜರಿಗೆ ಹೋಗುತ್ತದೆ. ಸದ್ದಿನ ಸೈಲೆನ್ಸರಿಗೆ ದೊಡ್ಡ ಮಾರುಕಟ್ಟೆಯಿರುವ ಅಮೆರಿಕದಲ್ಲೂ ಕನ್ವರ್ಟರ್ ಕೀಳುವುದು ಕಾನೂನಿಗೆ ವಿರುದ್ಧ. ಅಲ್ಲಿ ಪಿಕಪ್ ಟ್ರಕ್ಕಿನ ಹವ್ಯಾಸಿಗಳು ಕನ್ವರ್ಟರ್ ಆದ ನಂತರದ ಭಾಗವನ್ನು ಮಾತ್ರ ಬದಲಿಸುವ 'ಕ್ಯಾಟ್-ಬ್ಯಾಕ್' ಜೋಡಣೆ ಹಾಕಿಸಿಕೊಳ್ಳುತ್ತಾರೆ. ಹಾಕಿಸಿಕೊಂಡ ಮೇಲೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ತಲೆ ಚಿಟ್ಟುಹಿಡಿಸುವ 'ಊಂ' ಎಂಬ ಅನುರಣನೆಯಿಂದ ಬೇಸತ್ತು, ಅದನ್ನಡಗಿಸಲು ಇನ್ನೊಂದು ಕೊಳವೆ ಬೆಸೆಸುವವರೂ ಅಲ್ಲಿದ್ದಾರೆ!

ಬದಲಿಸಲೇಬೇಕಾದಾಗ

ಸೈಲೆನ್ಸರ್ ತುಕ್ಕು ಹಿಡಿದು ತೂತಾಗಬಹುದು, ಬಿದ್ದು ಜಜ್ಜಿಹೋಗಬಹುದು. ಆಗ ಬದಲಿಸುವುದು ತಪ್ಪಲ್ಲ, ಅಗತ್ಯ. ಕೆಲವು ಮಾತು ನೆನಪಿರಲಿ. ಒಂದು, ನಿಮ್ಮ ಮಾದರಿಗೆಂದೇ ತಯಾರಾದ, ನಿಯಮಕ್ಕೆ ಒಳಪಟ್ಟದ್ದನ್ನೇ ಕೇಳಿ, ಬಿಲ್ ಪಡೆಯಿರಿ. ಎರಡು, ಕನ್ವರ್ಟರ್ ಎಲ್ಲಿದೆ ಎಂದು ಮೆಕ್ಯಾನಿಕ್‌ಗೆ ತೋರಿಸಲು ಹೇಳಿ, ಅದು ಉಳಿಯಬೇಕು. ಮೂರು, ಬೆಂಡ್ ಪೈಪಿನ ಗ್ಯಾಸ್ಕೆಟ್ ಹೊಸದು ಹಾಕಿಸಿ; ಅಲ್ಲಿ ಸೋರಿದರೂ ಸದ್ದು ಹೆಚ್ಚುತ್ತದೆ. ನಾಲ್ಕು, ವಾರಂಟಿ ಇರುವ ಗಾಡಿಯಾದರೆ ಅಂಗಡಿಗೆ ಹೋಗುವ ಮುನ್ನ ಅದರ ಷರತ್ತು ಓದಿ. ಐದು, ತುದಿಯಲ್ಲಿ ಸಿಕ್ಕಿಸಿರುವ 'ಡಿ.ಬಿ. ಕಿಲ್ಲರ್' ಎಂಬ ತುಂಡನ್ನು ತೆಗೆದರೆ ಯಾವ ಸೈಲೆನ್ಸರೂ ಹೆಸರಿಗೆ ಮಾತ್ರ ಸೈಲೆನ್ಸರ್.

ಗ್ಯಾರೇಜ್ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಗಿರಾಕಿಗಳಿಗೆ ಒಂದು ಕಿವಿಮಾತು ಹೇಳುತ್ತಾನೆ: 'ಕಂಪೆನಿ ಸೈಲೆನ್ಸರನ್ನ ಮಾತ್ರ ಮಾರಬೇಡಿ. ಮದುವೆ ಗೊತ್ತಾದ ಮೇಲೆ ಎಲ್ಲರೂ ಅದನ್ನ ಕೇಳ್ಕೊಂಡು ಬರ್ತಾರೆ.'

ಹೊಸ ಸದ್ದಿನ ಆಸೆ ಇನ್ನೂ ಇಳಿಯದ ಹುಡುಗರಿಗೆ ಒಂದು ಪ್ರಯೋಗ ಸೂಚಿಸುತ್ತೇನೆ. ಖರ್ಚಿಲ್ಲ. ಅಂಥ ಸೈಲೆನ್ಸರ್ ಹಾಕಿಸಿರುವ ಗೆಳೆಯನನ್ನು ಒಂದು ಸಂಜೆ ಮನೆಯ ಮುಂದಿನಿಂದ ನಾಲ್ಕು ಬಾರಿ ಹಾದುಹೋಗಲು ಹೇಳಿ. ನೀವು ಮಾತ್ರ ಗಾಡಿಯ ಹತ್ತಿರ ನಿಲ್ಲಬೇಡಿ. ಒಳಗೆ ಹೋಗಿ, ಕಿಟಕಿ ಮುಚ್ಚಿ, ನಿಮ್ಮ ಅಜ್ಜಿ ಮಲಗುವ ಮಂಚದ ಮೇಲೆ ಮೊಬೈಲ್ ಫೋನಿನ ಶಬ್ದಮಾಪಕವನ್ನು ಇಟ್ಟು ಕಣ್ಣು ಮುಚ್ಚಿ ಮಲಗಿ. ಫೋನಿನ ಅಳತೆ ಅಂದಾಜಿನದೇ, ಆದರೂ ಹೋಲಿಕೆಗೆ ಸಾಕು. ಕಂಪೆನಿಯ ಸೈಲೆನ್ಸರಿನ ಗಾಡಿಯನ್ನೂ ಹಾಗೆಯೇ ಅಳೆಯಿರಿ. ಎರಡೂ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದಿಡಿ. ಸೈಲೆನ್ಸರನ್ನು ಸೀಟಿನ ಮೇಲೆ ಕುಳಿತು ಆರಿಸಬಾರದು, ಮಂಚದ ಮೇಲೆ ಮಲಗಿ ಆರಿಸಬೇಕು.